ಕೆಂಪು ಅಂಚಿನ ಬಟ್ಟೆ

ಮಾರ್ಚ್ ೩, ಭಾನುವಾರ

ಯಾರದು ಇದನ್ನು ತೆರೆದಿರುವುದು? ನಾಚಿಕೆಯಾಗುವುದಿಲ್ಲವೇ? ಮುದುಕಿಯ ಪುಸ್ತಕದಲ್ಲಿ ಯಾವ ಗಂಟು ಸಿಗುತ್ತದೆಂದು ಮೂಗು ತೂರಿಸಿದ್ದೀಯ? ಮಗನಾಗಿದ್ದರೆ ಹೋಗಿ ಬಚ್ಚಲಿನ ನಲ್ಲಿ ಸರಿ ಮಾಡು, ಆರು ತಿಂಗಳಿಂದ ತೊಟ್ಟಿಕ್ಕುತ್ತಿದೆ. ಮೊಮ್ಮಗಳಾಗಿದ್ದರೆ ಮೊದಲು ಕೈ ತೊಳೆದುಕೋ. ಸೊಸೆಯಾಗಿದ್ದರೆ ಮುಚ್ಚಿ ಎಲ್ಲಿತ್ತೋ ಅಲ್ಲೇ ಇಡು. ಇದರಲ್ಲಿ ಹೆಚ್ಚಾಗಿ ನಿನ್ನ ವಿಷಯವೇ ಇರುತ್ತದೆ, ಒಳ್ಳೆಯದೇನೂ ಇರುವುದಿಲ್ಲ.

ಪುಸ್ತಕ ಕೊಟ್ಟವಳೂ ಅವಳೇ. ಪುಸ್ತಕ ಹೊಲಿದು ರಟ್ಟು ಕಟ್ಟುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಉಳಿದ ಕಾಗದದಲ್ಲಿ ತಾನೇ ಹೊಲಿದು, ಹಸಿರು ರಟ್ಟು ಹಾಕಿ ತಂದುಕೊಟ್ಟಳು. "ಬರೀರಿ ಅತ್ತೆ. ಬಾಯಿಗೂ ಒಂದು ರಜೆ ಸಿಗಲಿ" ಅಂದಳು. ಮಗ ಗೊಳ್ಳೆಂದು ನಕ್ಕ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದರಲ್ಲೂ ಅರ್ಧ. ಆದರೂ ನನ್ನ ಅಕ್ಷರ ನನ್ನ ಮಗನದಕ್ಕಿಂತ ದುಂಡಗಿದೆ.

ಇವತ್ತು ತಿಂಗಳ ಮೊದಲ ಭಾನುವಾರ. ಸೊಸೆ ಸೈಕಲ್ಲಿಗೆ ಮೇಣ ಹಚ್ಚುವ ದಿನ. ಹಿತ್ತಲ ಬಾಗಿಲಲ್ಲಿ ಚಾಪೆ ಹಾಸಿ, ಸೈಕಲ್ಲನ್ನು ಗೋಡೆಗೊರಗಿಸಿ, ಮೊದಲು ಒದ್ದೆ ಬಟ್ಟೆಯಲ್ಲಿ ಧೂಳು ತೆಗೆದು, ಒಣಗಿಸಿ, ಬೆರಳಿಗೆ ಬಟ್ಟೆ ಸುತ್ತಿಕೊಂಡು ಡಬ್ಬಿಯಿಂದ ಇಷ್ಟೇ ಇಷ್ಟು ಮೇಣ ತೆಗೆದು ತೆಳ್ಳಗೆ ಬಳಿಯುತ್ತಾಳೆ. ಅದು ಮಬ್ಬು ಕಟ್ಟುವವರೆಗೆ ಕಾದು ಇನ್ನೊಂದು ಬಟ್ಟೆಯಲ್ಲಿ ಉಜ್ಜುತ್ತಾಳೆ. ಅರ್ಧ ದಿನದ ಕೆಲಸ. ನನ್ನ ಯಜಮಾನರು ಹೇಳಿಕೊಟ್ಟಿದ್ದನ್ನು ಒಂದು ಎಳೆ ತಪ್ಪದೆ ಮಾಡುತ್ತಾಳೆ. ಅವರು ಸೈಕಲ್ ಚೌಕಟ್ಟುಗಳಿಗೆ ಬಣ್ಣ ಹೊಡೆದು ಕೈಯಲ್ಲೇ ಚಿನ್ನದ ಗೆರೆ ಎಳೆಯುತ್ತಿದ್ದ ಮೇಸ್ತ್ರಿ. ಎಲ್ಲರೂ ಗೆರೆ ಮೇಸ್ತ್ರಿ ಎನ್ನುತ್ತಿದ್ದರು. ಈ ಕಡುನೀಲಿ ಸೈಕಲ್ಲು ಅವರು ಕೊನೆಯದಾಗಿ ಗೆರೆ ಎಳೆದದ್ದು. ಎಳೆದು ಸೊಸೆಗೆ ಕೊಟ್ಟರು. ಅವರು ತೀರಿಹೋಗಿ ಮೂರು ವರ್ಷವಾಯಿತು.

ಹಳೆಯ ಮೇಣ ಸಿಗಲಿಲ್ಲವಂತೆ, ಹೊಸ ಜಾತಿಯ ಡಬ್ಬಿ ತಂದಿದ್ದಳು. ನಾನು ಸುಮ್ಮನಿರಲಾರದೆ, "ಮೇಣ ಬಳಿದು ಬಳಿದು ಸೈಕಲ್ಲನ್ನ ಮೇಣದ ಬತ್ತಿ ಮಾಡಿದ್ದೀಯ. ಅವರ ಕಾಲದಲ್ಲಿ ಮುಖ ಕಾಣ್ತಿತ್ತು ಅದರಲ್ಲಿ" ಅಂದೆ.

"ಈಗಲೂ ಕಾಣುತ್ತೆ ಅತ್ತೆ. ನಿಮ್ಮ ಮುಖ ಗಂಟು ಹಾಕ್ಕೊಂಡಿದೆ ನೋಡಿ" ಅಂದಳು.

ಅವಳ ಬಾಯಿಯೂ ಏನು ಕಮ್ಮಿಯಿಲ್ಲ.

ಮಾರ್ಚ್ ೫, ಮಂಗಳವಾರ

ಇವತ್ತು ಬರೆಯಲು ಏನೂ ಇಲ್ಲ. ಕೈ ನೋಯುತ್ತಿದೆ.

ಮಾರ್ಚ್ ೬, ಬುಧವಾರ

ಇದೆ. ಬರೆಯಲು ಇದೆ. 

ನಿನ್ನೆ ಹಿಂದಿನ ಚಕ್ರ ಪಂಕ್ಚರ್ ಆಗಿತ್ತು. ಸೊಸೆ ಬಸ್ಸಿಗೆ ಹೋದಳು. ಮಗ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ. ಸೈಕಲ್ಲು ಮತ್ತು ನಾನು ಇಬ್ಬರೇ ಮನೆಯಲ್ಲಿ. ಇವಳಿಗೆ ಒಂದು ಪಾಠ ಕಲಿಸೋಣ, ಹೊಳಪು ಎಂದರೆ ಏನೆಂದು ತೋರಿಸೋಣ ಅಂದುಕೊಂಡೆ. ಅವರ ಕಬ್ಬಿಣದ ಪೆಟ್ಟಿಗೆ ತೆಗೆದೆ. ಪಾಲಿಶ್ ಡಬ್ಬಿ ಇತ್ತು. ಒಣಗಿ ಗಟ್ಟಿಯಾಗಿತ್ತು. ನಾಲ್ಕು ಹನಿ ಸೀಮೆಎಣ್ಣೆ ಬಿಟ್ಟು ಕಲಸಿದೆ. ಪಕ್ಕದಲ್ಲಿ ಬಟ್ಟೆಗಳು ಮಡಿಸಿಟ್ಟ ಹಾಗೇ ಇದ್ದವು. ಬಿಳಿ ಬಟ್ಟೆ ಮೇಣಕ್ಕೆ. ಕೆಂಪು ಅಂಚಿನದು ಪಾಲಿಶ್‌ಗೆ. ಒಂದಕ್ಕೊಂದು ಬೆರೆಯಬಾರದೆಂದು ಆ ಅಂಚು ಹೊಲಿದವಳೇ ನಾನು. ಮೂವತ್ತು ವರ್ಷ ಅವನ್ನು ಬೇರೆ ಬೇರೆ ಬಕೆಟ್ಟಿನಲ್ಲಿ ಒಗೆದವಳೂ ನಾನು.

"ಪಾಲಿಶ್ ಅಂದ್ರೆ ಮರಳು ಕಣೇ, ಕಣ್ಣಿಗೆ ಕಾಣದ ಮರಳು. ಬಣ್ಣದ ಮೇಲಿನ ಪೊರೆಯನ್ನ ತಿಂದು ಹೊಳಪು ಕೊಡುತ್ತೆ. ಗೆರೆ ಎಳೆಯೋ ಮೊದಲು ಹಚ್ಚಬೇಕು, ಎಳೆದ ಮೇಲೆ ಹತ್ತಿರಾನೂ ತರಬಾರದು" ಎನ್ನುತ್ತಿದ್ದರು. ಬೇರೆ ಮೇಸ್ತ್ರಿಗಳು ಗೆರೆಯ ಮೇಲೆ ವಾರ್ನಿಶ್ ಹೊಡೆಯುತ್ತಿದ್ದರು. ಇವರು ಹೊಡೆಯುತ್ತಿರಲಿಲ್ಲ. ಹೊಡೆದರೆ ಚಿನ್ನ ಮಂಕಾಗುತ್ತದೆ ಎಂಬ ಹಟ. ಹಾಗಾಗಿ ಇವರ ಗೆರೆಗೆ ಮೇಣ ಒಂದೇ ಹೊದಿಕೆ. ಅದಕ್ಕೇ ತಿಂಗಳಿಗೊಮ್ಮೆ ಆ ಭಾನುವಾರದ ಪೂಜೆ.

ಇಷ್ಟೆಲ್ಲ ಗೊತ್ತಿದ್ದವಳು ನಾನು. ಬೇರೆ ಯಾರಾದರೂ ಮಾಡಿದ್ದರೆ ಗೊತ್ತಿಲ್ಲದೆ ಮಾಡಿದರು ಎನ್ನಬಹುದಿತ್ತು.

ಮೇಲಿನ ಕೊಳವೆಯಿಂದ ಶುರು ಮಾಡಿದೆ. ಬಟ್ಟೆಗೆ ನೀಲಿ ಬಂತು. ಅದು ಬರುವುದೇ, ಹಳೆಯ ಬಣ್ಣದ ಪೊರೆ. ಕೆಳಗಿನಿಂದ ಕನ್ನಡಿಯಂಥ ಹೊಳಪು ಎದ್ದಿತು. ಹುಚ್ಚು ಹಿಡಿದಂತೆ ಉಜ್ಜಿದೆ. ನೋಡುವಷ್ಟರಲ್ಲಿ ಗೆರೆ ಹೋಗಿತ್ತು. ಮೇಲಿನ ಕೊಳವೆಯದು ಹೋಗಿತ್ತು, ಕೆಳಗಿನದೂ ಹೋಗಿತ್ತು. ಬಟ್ಟೆಯಲ್ಲಿ ಚಿನ್ನ ಬಳಿದುಕೊಂಡಿತ್ತು. ಸೀಟಿನ ಕೆಳಗೆ, ನನ್ನ ಕೈ ಹೋಗದ ಸಂದಿಯಲ್ಲಿ, ಒಂದು ಬೆರಳಷ್ಟು ಉದ್ದ ಮಾತ್ರ ಉಳಿದಿದೆ.

ಬಟ್ಟೆಯನ್ನು ನನ್ನ ಹಾಸಿಗೆಯ ಕೆಳಗೆ ತುರುಕಿದ್ದೇನೆ. ಸೈಕಲ್ಲಿನ ಮೇಲೆ ಹಳೆಯ ಹೊದಿಕೆ ಎಳೆದಿದ್ದೇನೆ.

ಮಾರ್ಚ್ ೭, ಗುರುವಾರ

ಬೆಳಿಗ್ಗೆ ಪಂಕ್ಚರ್ ಹಾಕಿಸಲೆಂದು ಹೊದಿಕೆ ಎಳೆದ ಸೊಸೆ ಹಾಗೇ ನಿಂತುಬಿಟ್ಟಳು. ಮೊದಲು ಬಾಯಿ ಬಿಟ್ಟದ್ದು ಮೊಮ್ಮಗಳು. ಏಳು ವರ್ಷದ್ದು, ಪ್ರತಿದಿನ ಹಿಂದೆ ಕೂರುವ ಮೊದಲು ಬೆರಳಲ್ಲಿ ಆ ಗೆರೆಯ ಮೇಲೆ ಒಂದು ಓಟ ಓಡಿಸುತ್ತದೆ.

"ಅಜ್ಜಿ, ತಾತನ ಗೆರೆ ಎಲ್ಲಿ ಹೋಯ್ತು?"

ನಾನು ತಟ್ಟೆ ತೊಳೆಯುತ್ತಿದ್ದೆ. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದೆ.

ಸೊಸೆ ಒಳಗೆ ಬಂದಳು. ಮುಖ ಬಿಳಿಚಿಕೊಂಡಿತ್ತು. "ಅತ್ತೆ, ತಪ್ಪಾಯ್ತು. ಹೊಸ ಮೇಣ ಗೆರೇನ ತಿಂದುಬಿಟ್ಟಿದೆ. ಗೊತ್ತಿಲ್ಲದ ಡಬ್ಬಿ ತರಬಾರ್ದಿತ್ತು ನಾನು. ಮಾವನ ಗೆರೇನ ನಾನೇ ಹಾಳು ಮಾಡಿಬಿಟ್ಟೆ."

ನನ್ನ ಹತ್ತಿರ ಬಂದು ತಪ್ಪಾಯಿತೆಂದಳು. ನನ್ನ ಹತ್ತಿರ! ಆಗ ಒಂದು ಮಾತು, ಒಂದೇ ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದೆ. ಬಂದದ್ದು ಬೇರೆ.

"ಕಂಡಕಂಡದ್ದೆಲ್ಲ ತಂದು ಬಳಿದ್ರೆ ಇನ್ನೇನಾಗುತ್ತೆ? ಅವರಿದ್ದಿದ್ರೆ ಎದೆ ಒಡ್ಕೊಂಡು ಸಾಯ್ತಿದ್ರು."

ಅವಳು ಸೈಕಲ್ಲಿಗೆ ಮತ್ತೆ ಹೊದಿಕೆ ಎಳೆದು, ಮಗಳ ಕೈ ಹಿಡಿದು ಹೊರಟಳು. ಎಂಟು ವರ್ಷದಲ್ಲಿ ಮೊದಲ ಸಲ ನನಗೆ ಉತ್ತರ ಕೊಡಲಿಲ್ಲ.

ಮಾರ್ಚ್ ೧೧, ಸೋಮವಾರ

ಕೈಯ ಮಣಿಕಟ್ಟು ಊದಿಕೊಂಡಿದೆ. ಎರಡು ತಾಸು ಉಜ್ಜಿದ ಸಂಬಳ. ಯಾರಿಗೂ ಕಾಣದಂತೆ ಸೆರಗಿನೊಳಗೆ ಇಟ್ಟುಕೊಂಡಿದ್ದೆ. ಸೊಸೆ ಕಂಡಳು. "ಏನತ್ತೆ ಇದು, ಎಲ್ಲಿ ಬಿದ್ರಿ?" ಅಂದಳು. "ಬಟ್ಟೆ ಹಿಂಡುವಾಗ ಉಳುಕಿತು" ಅಂದೆ. ಎರಡನೆಯ ಸುಳ್ಳು.

ಎಣ್ಣೆ ಬಿಸಿ ಮಾಡಿ ತಂದು, ಬೆರಳಿಗೆ ಬಟ್ಟೆ ಸುತ್ತಿಕೊಂಡು ತೆಳ್ಳಗೆ ಬಳಿದಳು. ಒತ್ತಲಿಲ್ಲ, ಉಜ್ಜಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಬಟ್ಟೆಯಲ್ಲಿ ಒರೆಸಿದಳು. ಸೈಕಲ್ಲಿಗೆ ಮಾಡುವ ಹಾಗೇ. ನನ್ನ ಕೈಯನ್ನು ಅಷ್ಟು ಮೆತ್ತಗೆ ಯಾರೂ ಹಿಡಿದದ್ದು ನೆನಪಿಲ್ಲ. "ಸಾಕು ಬಿಡೇ, ಕೈ ಜಾರುತ್ತೆ" ಎಂದು ಗದರಿದೆ.

ಸೈಕಲ್ಲಿಗೆ ಪಂಕ್ಚರ್ ಹಾಕಿಸಲೇ ಇಲ್ಲ ಅವಳು. ಬಸ್ಸಿಗೆ ಹೋಗುತ್ತಾಳೆ. ಮಗಳನ್ನು ನಡೆಸಿಕೊಂಡು ಹೋಗಿ ಶಾಲೆಗೆ ಬಿಟ್ಟು ಬಸ್ಸು ಹಿಡಿಯುವಷ್ಟರಲ್ಲಿ ತಡವಾಗಿ, ಕಾರ್ಖಾನೆಯ ಮೇಲ್ವಿಚಾರಕನ ಬಾಯಿಗೆ ದಿನಾ ಸಿಗುತ್ತಿದ್ದಾಳಂತೆ. ನನಗೆ ಹೇಳಲಿಲ್ಲ. ಮಗನಿಗೆ ಹೇಳುವಾಗ ಕೇಳಿಸಿಕೊಂಡೆ.

ಮಾರ್ಚ್ ೧೪, ಗುರುವಾರ

ಇನ್ನೂ ಇದೆ ಕೇಳು. ಸೊಸೆ ಮೇಣ ಕೊಂಡ ಅಂಗಡಿಗೆ ಹೋಗಿ ಅಂಗಡಿಯವಳಿಗೆ ಡಬ್ಬಿ ವಾಪಸ್ಸು ಕೊಟ್ಟಳಂತೆ. ಅಂಗಡಿಯವಳು ಗಾಬರಿಯಾಗಿ ಅದೇ ಜಾತಿಯ ಡಬ್ಬಿಗಳನ್ನೆಲ್ಲ ಮುಂದಿನ ಹಲಗೆಯಿಂದ ಕೆಳಗಿಳಿಸಿ ಮೂಲೆಗೆ ಹಾಕಿದ್ದಾಳಂತೆ. ಈಗ ನನ್ನಿಂದ ಕೆಟ್ಟ ಹೆಸರು ಬಂದವರು ಇಬ್ಬರು. ಮೇಣವನ್ನೂ ಸೇರಿಸಿದರೆ ಮೂರು.

ಊಟ ಸೇರಲಿಲ್ಲ. ಮಗ "ಯಾಕಮ್ಮ, ಇವತ್ತು ಅಡುಗೇಲಿ ಒಂದು ತಪ್ಪೂ ಕಂಡುಹಿಡೀಲಿಲ್ಲ? ಹುಷಾರಾಗಿದ್ದೀಯಾ?" ಅಂದ.

ಮಾರ್ಚ್ ೧೭, ಭಾನುವಾರ

ಸೊಸೆ ಸಣ್ಣ ಮೇಸ್ತ್ರಿಯನ್ನು ಕರೆಸಿದಳು. ಅವನು ನಮ್ಮವರ ಕೈಕೆಳಗೆ ಕೆಲಸ ಕಲಿತವನು. ಅರವತ್ತು ದಾಟಿದೆ, ಹಲ್ಲು ಅರ್ಧ ಉದುರಿವೆ, ಆದರೂ ಸಣ್ಣ ಮೇಸ್ತ್ರಿಯೇ. ಮತ್ತೆ ಗೆರೆ ಎಳೆಯಲು ಆಗುತ್ತದೆಯೇ ಎಂದು ಕೇಳುವುದಕ್ಕೆ ಕರೆಸಿದ್ದು. ಅವಳು ಚಹಾ ಮಾಡಲು ಒಳಗೆ ಹೋದಳು. ಅವನು ಕುಕ್ಕರುಗಾಲಲ್ಲಿ ಕೂತು, ಕನ್ನಡಕ ಹಣೆಗೇರಿಸಿ, ಕೊಳವೆ ಸೇರುವ ಸಂದಿಗೆ ಉಗುರು ಹಾಕಿ ಕೆರೆದ. ಉಗುರಿನಲ್ಲಿ ಬಿಳಿ ಪುಡಿ ಬಂತು. ಮೂಸಿದ.

"ಅಕ್ಕ, ಮೇಣ ತಿನ್ನಲ್ಲ. ಎಂಥ ಕೆಟ್ಟ ಮೇಣ ಆದ್ರೂ ತಿನ್ನಲ್ಲ."

"ಹೊಸ ಮೇಣದಲ್ಲಿ ಏನು ಹಾಕಿರ್ತಾರೋ ಯಾರಿಗೆ ಗೊತ್ತು?"

"ಸೀಮೆಎಣ್ಣೆ ವಾಸನೆ ಇನ್ನೂ ಇದೆ ಅಕ್ಕ. ಇದು ಕೆಂಪು ಅಂಚಿನ ಬಟ್ಟೆ ಕೆಲಸ."

"ನಿನಗೆ ಕಣ್ಣು ಕಾಣಲ್ಲ, ಮೂಗೂ ಕೆಟ್ಟಿದೆ."

"ಹಾಗಾಗಿದ್ರೆ ಎಷ್ಟೋ ಚೆನ್ನಾಗಿತ್ತು" ಎಂದು ನನ್ನ ಊದಿದ ಮಣಿಕಟ್ಟನ್ನು ನೋಡಿದ.

ಸೊಸೆ ಚಹಾ ತಂದಳು. "ಮೇಣದಿಂದಾನೇ ಅಲ್ವಾ ಮೇಸ್ತ್ರಿ? ಹೇಳಿಬಿಡಿ, ಪರವಾಗಿಲ್ಲ" ಅಂದಳು. ಅವನು ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಚಹಾವನ್ನು ಒಂದೇ ಗುಟುಕಿಗೆ ಕುಡಿದು, "ನೋಡ್ಬೇಕಮ್ಮ. ಗೆರೆ ನಾನು ಎಳೀತೀನಿ. ಆದ್ರೆ ಅದು ಅವರದಾಗಲ್ಲ, ನನ್ನದಾಗುತ್ತೆ. ಅದಕ್ಕೆ ಮೊದಲು ಮನೆಯವರು ಕೂತು ಮಾತಾಡಿಕೊಳ್ಳಿ" ಅಂದ. ಸೀಟಿನ ಕೆಳಗೆ ಉಳಿದ ತುಂಡಿಗೆ ಹೆಬ್ಬೆಟ್ಟು ತಾಕಿಸಿ ಕಣ್ಣಿಗೊತ್ತಿಕೊಂಡು ಹೋದ.

ಅವನು ಬೈದಿದ್ದರೆ ನಾನೂ ಬೈಯುತ್ತಿದ್ದೆ. ಬೈಯಲಿಲ್ಲವಲ್ಲ.

ಮಾರ್ಚ್ ೧೮, ಸೋಮವಾರ

ಆರನೇ ತಾರೀಖಿನ ಪುಟದಲ್ಲಿ ಸುಳ್ಳು ಬರೆದಿದ್ದೇನೆ. ಯಾರೂ ಓದದ ಪುಸ್ತಕದಲ್ಲೂ ಸುಳ್ಳು. ನೋಡುವಷ್ಟರಲ್ಲಿ ಗೆರೆ ಹೋಗಿತ್ತು ಎಂದು ಬರೆದೆ. ಇಲ್ಲ. ಮೇಲಿನ ಕೊಳವೆಯಲ್ಲಿ ಒಂದು ಗೇಣು ಹೋದಾಗಲೇ ಬಟ್ಟೆಯಲ್ಲಿ ಚಿನ್ನ ಕಂಡಿತು. ಕಂಡ ಮೇಲೂ ನನ್ನ ಕೈ ನಿಲ್ಲಲಿಲ್ಲ.

ಯಾಕೆ? ಅದನ್ನೂ ಬರೆದುಬಿಡುತ್ತೇನೆ. ಅವರು ಆ ಗೆರೆ ಎಳೆದ ದಿನ ನಾನು ಬಾಗಿಲಲ್ಲಿ ನಿಂತಿದ್ದೆ. ಕೈ ನಡುಗುವ ಕಾಯಿಲೆ ಆಗಲೇ ಶುರುವಾಗಿತ್ತು. ಉಸಿರು ಕಟ್ಟಿ, ಕಿರುಬೆರಳನ್ನು ಕೊಳವೆಗೆ ಆನಿಸಿ, ಮೂರು ದಿನ ಎಳೆದರು. ಸೀಟಿನ ಕೆಳಗೆ ಬಂದಾಗ ಕೈ ನಡುಗಿ ಗೆರೆ ಹಾವಿನಂತೆ ಒಮ್ಮೆ ಬಳುಕಿತು. "ಅಳಿಸಿ ಮತ್ತೆ ಎಳೀತೀನಮ್ಮ" ಅಂದರು. ಸೊಸೆ ಬೇಡವೆಂದಳು. "ಇರಲಿ ಮಾವ, ಅಲ್ಲಿ ನೀವು ಕಾಣ್ತೀರಿ" ಅಂದಳು. ಅವರು ನಕ್ಕರು. ನನ್ನ ಜೊತೆ ಹಾಗೆ ನಕ್ಕದ್ದು ಯಾವಾಗ ಎಂದು ಆ ಹೊತ್ತು ಲೆಕ್ಕ ಹಾಕಿದ್ದೆ. ಅಂದಿನಿಂದ ಅವಳು ಪ್ರತಿ ತಿಂಗಳು ಮೇಣ ಹಚ್ಚುವಾಗ ನನ್ನ ಹೊಟ್ಟೆ ಉರಿಯುತ್ತಿತ್ತು. ಸಾವಿರ ಸೈಕಲ್ಲಿಗೆ ಗೆರೆ ಎಳೆದ ಮನುಷ್ಯ ನನಗೆ ಒಂದು ಡಬ್ಬಿಯ ಮೇಲೂ ಗೆರೆ ಎಳೆದುಕೊಡಲಿಲ್ಲ.

ಅದೂ ಸುಳ್ಳೇ. ಮದುವೆಯಾದ ಹೊಸದರಲ್ಲಿ, "ನಿನ್ನ ಟ್ರಂಕಿಗೆ ಒಂದು ಗೆರೆ ಎಳೀಲಾ?" ಎಂದು ಕೇಳಿದ್ದರು. "ಮೊದಲು ಸೋರೋ ಸೂರು ಸರಿ ಮಾಡ್ರಿ" ಅಂದಿದ್ದೆ. ಮತ್ತೆ ಕೇಳಲಿಲ್ಲ. ಸೂರು ಸರಿ ಮಾಡಿದರು.

ಮಾರ್ಚ್ ೨೧, ಗುರುವಾರ

ಸೈಕಲ್ಲನ್ನು ನನ್ನ ಮಗಳಿಗೆ ಕೊಟ್ಟುಬಿಡುವುದಂತೆ. ಸೊಸೆ ನಿರ್ಧಾರ ಮಾಡಿದ್ದಾಳೆ. ಮಗಳು ಅಪ್ಪನ ಕೈಯ ಕೊನೆಯ ಸೈಕಲ್ಲು ತನಗೆ ಬರಬೇಕಿತ್ತೆಂದು ಮೂರು ವರ್ಷದಿಂದ ಮೂತಿ ಊದಿಸಿಕೊಂಡಿದ್ದಳು. ಮೂವತ್ತೊಂದನೇ ತಾರೀಖು ಬಂದು ಒಯ್ಯುತ್ತಾಳೆ.

"ಅತ್ತಿಗೆ ಹತ್ತಿರ ಇದ್ರೆ ಚೆನ್ನಾಗಿ ನೋಡ್ಕೊತಾರೆ. ನನ್ನ ಕೈಲಿ ಕಾಪಾಡೋಕಾಗಲಿಲ್ಲ" ಎಂದು ಮಗನಿಗೆ ಹೇಳುತ್ತಿದ್ದಳು. ನನ್ನ ಮಗಳು ಚಪ್ಪಲಿಯನ್ನೇ ಒರೆಸಿದವಳಲ್ಲ, ಸೈಕಲ್ಲಿಗೆ ಮೇಣ ಹಚ್ಚುತ್ತಾಳೆಯೇ? ಒಂದು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ.

ಈ ಹುಡುಗಿ ತಪ್ಪು ಮಾಡದೆ ತಪ್ಪೊಪ್ಪಿಕೊಂಡು ಶಿಕ್ಷೆಯನ್ನೂ ತಾನೇ ಹಾಕಿಕೊಂಡಳು.

ಹತ್ತು ದಿನ ಇದೆ.

ಮಾರ್ಚ್ ೨೪, ಭಾನುವಾರ

ಹೇಳಬೇಕೆಂದು ಅಡುಗೆಮನೆಗೆ ಹೋದೆ. "ನೋಡು" ಅಂದೆ. "ಏನತ್ತೆ?" ಅಂದಳು. "ಉಪ್ಪಿನ ಡಬ್ಬಿ ಮುಚ್ಚಳ ಸರಿಯಾಗಿ ಹಾಕು" ಅಂದು ಬಂದೆ.

ಮುಚ್ಚಳ ಸರಿಯಾಗೇ ಇತ್ತು.

ಮಾರ್ಚ್ ೨೬, ಮಂಗಳವಾರ

ಮೊದಲು ದೂರದವರಿಂದ ಶುರು ಮಾಡಿದರೆ ಬಾಯಿ ಹದಕ್ಕೆ ಬಂದೀತೆಂದು ಅಂಗಡಿಗೆ ನಡೆದುಕೊಂಡು ಹೋದೆ. ಮಂಡಿ ಎರಡೂ ಶಾಪ ಹಾಕಿದವು.

"ಆ ಮೇಣದ ಡಬ್ಬಿಗಳನ್ನ ಎತ್ತಿ ಮೇಲಿಡು ತಾಯಿ" ಅಂದೆ.

"ಅಯ್ಯೋ ಬೇಡ ಅಜ್ಜಿ, ಅದು ಬಣ್ಣ ತಿನ್ನುತ್ತಂತೆ. ಪಾಪ, ಒಬ್ಬ ಹೆಂಗಸು ಅಳ್ತಾ ಬಂದಿದ್ಲು."

"ಅವಳು ನನ್ನ ಸೊಸೆ. ತಿಂದಿದ್ದು ಮೇಣ ಅಲ್ಲ, ನಾನು. ಪಾಲಿಶ್ ಹಾಕಿ ಉಜ್ಜಿದೆ."

ಅಂಗಡಿಯಲ್ಲಿ ಇನ್ನೂ ಇಬ್ಬರಿದ್ದರು. ಕೇಳಿಸಿಕೊಂಡರು. ಮುಖ ಎಲ್ಲಿಡಲಿ ತಿಳಿಯಲಿಲ್ಲ. ಅಂಗಡಿಯವಳು, "ಅವರಿಗೆ ಗೊತ್ತಾ ಅಜ್ಜಿ?" ಅಂದಳು.

"ನಿನಗ್ಯಾಕೆ? ಒಂದು ಡಬ್ಬಿ ಕೊಡು."

ತಂದಿದ್ದೇನೆ. ಗೊತ್ತಿಲ್ಲದ ಅಂಗಡಿಯವಳಿಗೆ ಗೊತ್ತು, ಸಣ್ಣ ಮೇಸ್ತ್ರಿಗೆ ಗೊತ್ತು, ಸಾಮಾನು ಕಟ್ಟಿಸಿಕೊಳ್ಳುತ್ತಿದ್ದ ಇಬ್ಬರು ಗಿರಾಕಿಗಳಿಗೂ ಗೊತ್ತು. ಗೊತ್ತಾಗಬೇಕಾದವಳು ಸಂಜೆ ಬಂದು ನನ್ನ ಕೈಗೆ ಎಣ್ಣೆ ಹಚ್ಚಿದಳು. ಊತ ಇಳಿದಿದೆ ಎಂದು ಅವಳಿಗೇ ಖುಷಿ. ಇವತ್ತು ನಾನು ಗದರಲಿಲ್ಲ.

ಮಾರ್ಚ್ ೨೯, ಶುಕ್ರವಾರ

ಮಗಳೇ, ಸೊಸೆಯಾದ ಮಗಳೇ, ಇದು ನಿನಗೆ.

ಮೊದಲ ಪುಟದ ಬೈಗುಳ ನಿನಗಲ್ಲ. ಆಗ ನಿನಗೇ ಇತ್ತು, ಈಗ ತೆಗೆದುಕೊಂಡಿದ್ದೇನೆ. ಉಳಿದವರಿಗೆ ಹಾಗೇ ಇರಲಿ. ಮೊದಲಿನಿಂದ ಓದು. ಐದನೇ ತಾರೀಖು, ಆರನೇ ತಾರೀಖು, ಆಮೇಲೆ ಹದಿನೆಂಟನೇ ತಾರೀಖು. ಹದಿನೆಂಟನ್ನು ಬಿಡಬೇಡ, ಅದೇ ನಿಜ. ಕೆಂಪು ಅಂಚಿನ ಬಟ್ಟೆಯನ್ನು ಆ ಪುಟಕ್ಕೇ ಗುರುತಾಗಿ ಇಟ್ಟಿದ್ದೇನೆ. ಅದರಲ್ಲಿರುವ ಚಿನ್ನ ನಿನ್ನದು. ಒಗೆಯಬೇಡ.

ಬಾಯಲ್ಲಿ ಹೇಳಲು ಮೂರು ವಾರ ಪ್ರಯತ್ನಪಟ್ಟೆ. ಬಾಯಿ ಬೈಯುವುದಕ್ಕೇ ತಯಾರಾಗಿದೆ, ಬೇರೆ ಕೆಲಸ ಬರುವುದಿಲ್ಲ ಅದಕ್ಕೆ. ನೀನು ಕೊಟ್ಟ ಪುಸ್ತಕದಲ್ಲೇ ಹೇಳುತ್ತಿದ್ದೇನೆ. ತಪ್ಪಾಯಿತು. ಗೊತ್ತಿಲ್ಲದೆ ಆದದ್ದಲ್ಲ. ಗೊತ್ತಿದ್ದು ಆದದ್ದು. ನೀನು ನನ್ನ ಹತ್ತಿರ ಬಂದು ತಪ್ಪಾಯಿತೆಂದಾಗ ನಿನ್ನ ಮೇಲೆ ರೇಗಿದೆನಲ್ಲ, ಗೆರೆ ಅಳಿಸಿದ್ದಕ್ಕಿಂತ ಅದಕ್ಕೆ ನನಗೆ ತಲೆ ಎತ್ತಲಾಗುತ್ತಿಲ್ಲ.

ನಿನ್ನ ಅತ್ತಿಗೆಗೆ ಬೆಳಿಗ್ಗೆಯೇ ಫೋನ್ ಮಾಡಿ, ಬರುವುದಾದರೆ ಬಾ, ಸೈಕಲ್ಲು ಸಿಗುವುದಿಲ್ಲ ಎಂದೆ. ಯಾಕೆಂದು ಕೇಳಿದಳು. ಕಾರಣವನ್ನೂ ಹೇಳಿದೆ. ಅರ್ಧ ತಾಸು ಬೈದಳು. ನನ್ನ ಮಗಳೇ ಸರಿ, ಬಾಯಿ ನನ್ನದೇ. ಸಂಜೆ ನಿನ್ನ ಗಂಡನಿಗೂ ಹೇಳುತ್ತೇನೆ. ಅವನಿಗೆ ಹೇಳುವುದು ಸುಲಭ, ಅವನು ನಲ್ಲಿಯನ್ನೇ ಸರಿ ಮಾಡಿಲ್ಲ.

ಪಂಕ್ಚರ್ ಹಾಕಿಸಿದ್ದೇನೆ. ಚೌಕಟ್ಟಿಗೆ ಒಂದು ಕೋಟು ಮೇಣ ಹಚ್ಚಿದ್ದೇನೆ, ಬಿಳಿ ಬಟ್ಟೆಯಲ್ಲಿ, ತೆಳ್ಳಗೆ, ನೀನು ಹಚ್ಚುವ ಹಾಗೆ. ಮಬ್ಬು ಕಟ್ಟುವವರೆಗೆ ಕೂತು ಕಾದೆ. ಇಷ್ಟು ವರ್ಷ ಆ ಕಾಯುವ ಹೊತ್ತಿನಲ್ಲಿ ನೀನು ಏನು ನೋಡುತ್ತಾ ಕೂರುತ್ತೀಯೆಂದು ಗೊಣಗುತ್ತಿದ್ದೆ. ಇವತ್ತು ಗೊತ್ತಾಯಿತು. ಸೀಟಿನ ಕೆಳಗಿನ ಆ ಬಳುಕಿದ ಗೆರೆಯ ಹತ್ತಿರ ಬಂದಾಗ ಮಾತ್ರ ಕೈ ಹಿಂದೆಗೆದೆ. ಅದಕ್ಕೆ ನೀನೇ ಹಚ್ಚು.

ಈಗ ಒಂದು ವಿಷಯ ನೀನು ಹೇಳಬೇಕು. ಸಣ್ಣ ಮೇಸ್ತ್ರಿಯಿಂದ ಹೊಸ ಗೆರೆ ಎಳೆಸುವುದೋ, ಅಥವಾ ಹೀಗೇ ಆ ಬೆರಳುದ್ದದ ತುಂಡನ್ನೇ ಇಟ್ಟುಕೊಳ್ಳುವುದೋ? ಸೈಕಲ್ಲು ನಿನ್ನದು, ಗೆರೆ ನಿನಗೆ ಕೊಟ್ಟದ್ದು, ತೀರ್ಮಾನ ನಿನ್ನದು. ನಾನು ಈ ಮನೆಯಲ್ಲಿ ಇರಬೇಕೋ ಮಗಳ ಮನೆಗೆ ಹೋಗಬೇಕೋ, ಅದನ್ನೂ ಬೇಕಿದ್ದರೆ ಸೇರಿಸು.

ಪುಸ್ತಕವನ್ನು ಸೈಕಲ್ಲಿನ ಹಿಂದಿನ ಕ್ಯಾರಿಯರಿಗೆ ಸಿಕ್ಕಿಸಿರುತ್ತೇನೆ. ಬಂದು ನನ್ನ ಮುಖ ನೋಡಿ ಮಾತಾಡಬೇಡ, ನಾನು ನಡುವೆ ಬಾಯಿ ಹಾಕಿ ಕೆಡಿಸುತ್ತೇನೆ. ಕೆಳಗೆ ಪೂರಾ ಎರಡು ಪುಟ ಬಿಟ್ಟಿದ್ದೇನೆ. ಬೈಯುವುದಿದ್ದರೆ ಮನಸ್ಸು ತುಂಬ ಬೈ, ಪುಟ ಸಾಲದಿದ್ದರೆ ಇನ್ನೆರಡು ಹೊಲಿದುಕೋ. ಅಕ್ಷರ ಮಾತ್ರ ದಪ್ಪಗಿರಲಿ, ನನ್ನ ಕನ್ನಡಕ ಹಳೆಯದು. ತಿಂಗಳು ಮುಗಿಯಲು ಎರಡು ದಿನವಿದೆ. ಏಪ್ರಿಲ್ ಹುಟ್ಟುವುದರೊಳಗೆ ಉತ್ತರ ಬರೆದಿಡು.